ಕೆಂಪು ಕಾರಿನ ಹೊಸ ಸೀಟು

ಎಲ್ಲಕ್ಕೂ ಕಾರಣ ಒಂದು ಸ್ಪ್ರಿಂಗು.

ಆರು ವರ್ಷದ ಹಿಂದೆ ಪರಮೇಶ ಅರವತ್ತರ ದಶಕದ ವಿಲಾಯಿತಿ ಸ್ಪೋರ್ಟ್ಸ್ ಕಾರೊಂದನ್ನು ತಂದು ಶಿವಮೊಗ್ಗದ ಹೊಸಮನೆ ಬಡಾವಣೆಯ ತನ್ನ ಮನೆ ಮುಂದೆ ನಿಲ್ಲಿಸಿದ. ಕೆಂಪು ಬಣ್ಣ, ಮೇಲೆ ಛಾವಣಿಯಿಲ್ಲ, ಇರುವುದು ಎರಡೇ ಸೀಟು. ಅವನು ಕೊಳ್ಳುವವರೆಗೂ ಯಾವುದೋ ಕಾಫಿ ತೋಟದ ಶೆಡ್ಡಿನಲ್ಲಿ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಹೆಂಡತಿ ಸುವರ್ಣಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಗಾ ಸೇತುವೆಯವರೆಗೆ ಹೋಗಿಬಂದ. ಇಳಿಯುವ ಹೊತ್ತಿಗೆ, ಸೀಟಿನಿಂದ ಹೊರಗೆ ಇಣುಕುತ್ತಿದ್ದ ಸ್ಪ್ರಿಂಗು ಆಕೆಯ ರೇಷ್ಮೆ ಸೀರೆಯನ್ನು ಹಿಡಿದುಕೊಂಡಿತು. ಪರ್ರೆಂದು ಹರಿದ ಸದ್ದು ಬೀದಿಯ ಕೊನೆಗೂ ಕೇಳಿಸಿತು.

"ನಮ್ಮಪ್ಪನ ಟ್ರಾಕ್ಟರ್ ಸೀಟೇ ಇದಕ್ಕಿಂತ ವಾಸಿ. ಅದನ್ನ ಓಡಿಸ್ಕೊಂಡು ಆಯನೂರಿಡೀ ಸುತ್ತಿದೀನಿ, ಸೀರೆಯ ಒಂದು ಎಳೆ ಕಿತ್ತಿಲ್ಲ. ಈ ಸೀಟು ಹೋಗೋವರ್ಗೂ ನಾನು ಈ ಕಾರು ಹತ್ತಲ್ಲ, ತಿಳ್ಕೊಳ್ಳಿ!" ಎಂದು ಆಕೆ ಒಳಗೆ ಹೋದವಳು ಮಾತಿಗೆ ತಪ್ಪಲಿಲ್ಲ.

ಅಂದಿನಿಂದ ಪಕ್ಕದ ಸೀಟಿನಲ್ಲಿ ತರಕಾರಿ ಚೀಲವೇ ಸವಾರಿ ಮಾಡುತ್ತಿತ್ತು. ದುಡ್ಡೆಲ್ಲ ಇಂಜಿನ್ನಿನ ರಿಪೇರಿಗೇ ಹೋಗಿ, ಸೀಟಿನ ಸರದಿ ಬರಲೇ ಇಲ್ಲ. ಪರಮೇಶನಿಗೆ ಬೇರೆ ದೊಡ್ಡ ಆಸೆಗಳಿರಲಿಲ್ಲ. ಕಚೇರಿಯಲ್ಲಿ ಬಡ್ತಿ ಸಿಗದಿದ್ದರೂ ಚಿಂತೆಯಿಲ್ಲ, ಸುವರ್ಣ ಒಂದು ಸಲ ಈ ಕಾರಿನಲ್ಲಿ ಕೂತು "ಚೆನ್ನಾಗಿದೆ ಕಣ್ರೀ" ಅಂದರೆ ಸಾಕು ಎಂದುಕೊಂಡಿದ್ದ.

ಅಷ್ಟರಲ್ಲಿ ಒಂದು ಭಾನುವಾರ ಸಂಜೆಗೆ ಶಿವಮೊಗ್ಗದಿಂದ ಭದ್ರಾವತಿಗೆ ಹಳೇ ಕಾರುಗಳ ಮೆರವಣಿಗೆ ನಿಗದಿಯಾಯಿತು. ಪರಮೇಶ ಹೆಸರು ಕೊಟ್ಟ, ಹದಿನೇಳನೇ ನಂಬರು ಸಿಕ್ಕಿತು. ಕೊಯಮತ್ತೂರಿನ ಒಂದು ಅಂಗಡಿಗೆ ಫೋನು ಮಾಡಿ, ರೇಸಿನವರು ಕೂರುವಂಥ ಎರಡು ಸೀಟುಗಳನ್ನು ಕಳಿಸಲು ಹೇಳಿದ. ಎರಡೂ ಪಕ್ಕದಲ್ಲಿ ಗೋಡೆಯಂತೆ ಎದ್ದು, ಕೂತವರನ್ನು ತಬ್ಬಿ ಹಿಡಿಯುವ ಸೀಟುಗಳು. ಅಂಗಡಿಯವನು ಸೊಂಟದ ಅಳತೆ ಕೇಳಿದ. ಪರಮೇಶ ಒಂದು ಕ್ಷಣವೂ ಯೋಚಿಸದೆ "ಮೂವತ್ನಾಲ್ಕು. ಎರಡೂ ಅದೇ ಅಳತೆ ಇರ್ಲಿ, ನಮ್ಮನೇವ್ರು ನನಗಿಂತ ತೆಳ್ಳಗೆ" ಅಂದ. ಮದುವೆಯಾದಂದಿನಿಂದ ಅವನ ಪ್ಯಾಂಟು ಹೊಲಿಯುತ್ತಿದ್ದ ಬೀದಿ ತಿರುವಿನ ಟೈಲರ್ ಕಾಂತರಾಜ್ ಪ್ರತಿ ಸಲ ಟೇಪು ಸುತ್ತಿ, ಅಂಗಡಿಗೆಲ್ಲ ಕೇಳುವಂತೆ "ಮೂವತ್ನಾಲ್ಕೇ ಸಾರ್! ಹಂಗೇ ಇದೀರ!" ಎಂದು ಕೂಗುವುದು ವಾಡಿಕೆಯಾಗಿತ್ತು.

ಸೀಟುಗಳು ಬಂದದ್ದು ಮೆರವಣಿಗೆಯ ಭಾನುವಾರ ಬೆಳಿಗ್ಗೆಯೇ. ಅವನ್ನು ಕೂರಿಸಲು ಭದ್ರಾವತಿಯಿಂದ ಮೊದಲ ಬಸ್ಸಿಗೆ ಮಾರಪ್ಪ ಬಂದ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು. ಕಾಲುಗಳು ನುಗ್ಗೆಕಾಯಿಯಂತಿದ್ದವು, ಮಾತು ಮಾತ್ರ ಕಬ್ಬಿಣ.

"ಎರಡು ಅವರ್ ಕೆಲ್ಸ ಸಾರ್. ಹನ್ನೊಂದಕ್ಕೆ ನೀವು ರೋಡಲ್ಲಿ ಇರ್ತೀರ."

ಹನ್ನೊಂದಕ್ಕೆ ರೋಡಲ್ಲಿ ಇದ್ದದ್ದು ಸೀಟುಗಳು, ನಾಲ್ಕೂ. ಹೊಸ ಸೀಟಿನ ತೂತಿಗೂ ಕಾರಿನ ನೆಲದ ತೂತಿಗೂ ತಾಳೆಯಾಗಲಿಲ್ಲ. ಮಾರಪ್ಪ ಹಳೇ ಸೀಟುಗಳ ಕಾಲು ಕತ್ತರಿಸಿ ಹೊಸದಕ್ಕೆ ಬೆಸುಗೆ ಹಾಕಿದ. ಏರಿ ಕೂತು ನೋಡಿದರೆ ಅವನ ತಲೆ ಮುಂಗಾಜಿನಿಂದ ಒಂದು ಗೇಣು ಮೇಲಿತ್ತು.

"ಅಯ್ಯೋ ಮಾರಾಯ, ಎತ್ತಿನ ಗಾಡಿ ಮೇಲೆ ಕೂತಂಗೆ ಕಾಣ್ತೀಯ!" ಎಂದರು ಪಕ್ಕದ ಮನೆಯ ಜಗದಾಂಬಾ, ಕಾಂಪೌಂಡಿನ ಆಚೆಯಿಂದ. ಎಪ್ಪತ್ತು ದಾಟಿದ ಜಗದಾಂಬಾ ಬೆಳಗಿನಿಂದ ಒಳಗೆ ಹೋಗಿದ್ದು ಕುಕ್ಕರ್ ಇಳಿಸಲು ಮಾತ್ರ.

ಮಾರಪ್ಪ ಕಾಲುಗಳನ್ನು ಗಿಡ್ಡ ಮಾಡಿದ. ತಲೆ ಸರಿಹೋಯಿತು, ಬಾಗಿಲು ಹಾಕಿಕೊಳ್ಳಲಿಲ್ಲ. ಸೀಟನ್ನು ಒಳಗೆ ಸರಿಸಿದ. ಬಾಗಿಲು ಹಾಕಿಕೊಂಡಿತು, ಹ್ಯಾಂಡ್ ಬ್ರೇಕು ಸಿಕ್ಕಿಹಾಕಿಕೊಂಡಿತು. ಪ್ರತಿ ಸಲವೂ ಮಾರಪ್ಪನೇ ಜಾರಿ ಕೂತು ಪರೀಕ್ಷೆ ಮಾಡುತ್ತಿದ್ದ. ಪರಮೇಶ ಒಂದು ಸಲ ಕಾಲು ಒಳಗಿಟ್ಟದ್ದಕ್ಕೆ ಜಗದಾಂಬಾ ಬೀದಿ ನಡುಗುವಂತೆ ಕೂಗಿಬಿಟ್ಟರು.

"ಬುದ್ಧಿ ಇದೆಯೇನಪ್ಪ? ಪೂಜೆ ಆಗ್ದೆ ಹೊಸ ಸೀಟಿನ ಮೇಲೆ ಯಜಮಾನ ಕೂರ್ತಾನ? ನಾಲ್ಕೂವರೆಗೆ ರಾಹುಕಾಲ ಬೇರೆ. ನಾಲ್ಕಕ್ಕೆ ಪೂಜೆ ಮಾಡಿ, ಹೆಂಡತಿ ಸಮೇತ ಕೂತು, ಹೊರಟುಬಿಡು."

ಪರಮೇಶ ಕಾಲು ತೆಗೆದ. ಆ ಸಂತೋಷದ ಗಳಿಗೆಯನ್ನು ಹೆಂಡತಿಯ ಜೊತೆಗೇ ಅನುಭವಿಸಬೇಕೆಂಬ ಆಸೆ ಅವನಿಗೂ ಇತ್ತು.

ಊಟ ಮುಗಿಸಿ ಬರುವಷ್ಟರಲ್ಲಿ ಹಳೇ ಸೀಟುಗಳು ಕಾಣಲಿಲ್ಲ. "ಗುಜರಿ ಆಟೋ ಬಂದಿತ್ತು, ಕೊಟ್ಟುಕಳಿಸ್ದೆ. ಕಾಲಿಲ್ಲದ ಸೀಟು ಇಟ್ಕೊಂಡು ಏನ್ ಮಾಡ್ತೀಯ, ಬರೀ ತಿಗಣೆ" ಎಂದರು ಜಗದಾಂಬಾ. ಪೀಡೆ ತೊಲಗಿತೆಂದು ಪರಮೇಶನಿಗೂ ಖುಷಿಯಾಯಿತು.

ಮೂರೂವರೆಗೆ ಕಾಂತರಾಜ್ ಮೆರವಣಿಗೆಗೆಂದೇ ಹೊಲಿದ ಬಿಳಿ ಪ್ಯಾಂಟು ತಂದುಕೊಟ್ಟ. ಅದು ಬೆಣ್ಣೆಯಂತೆ ಏರಿತು. "ನೋಡಿದ್ಯಾ? ಮೂವತ್ನಾಲ್ಕು!" ಎಂದು ಪರಮೇಶ ಹೊಟ್ಟೆ ತಟ್ಟಿಕೊಂಡ. ಕಾಂತರಾಜ್ ಯಾಕೋ ಆಕಾಶ ನೋಡಿದ.

ನಾಲ್ಕಕ್ಕೆ ಸುವರ್ಣಮ್ಮ ಹೊರಗೆ ಬಂದಳು. ಆಕೆ ಉಟ್ಟಿದ್ದದ್ದು ಅದೇ ರೇಷ್ಮೆ ಸೀರೆ. ಹರಿದಲ್ಲಿ ಕಾಣದಂತೆ ರಫು ಮಾಡಿಸಿ, ಆರು ವರ್ಷ ಎತ್ತಿಟ್ಟಿದ್ದಳು. ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ನೆರೆದ ಬೀದಿಯವರ ಮುಂದೆ ಕಾಯಿ ಒಡೆದದ್ದಾಯಿತು. ಸುವರ್ಣಮ್ಮ ಸೀಟನ್ನು ಒಮ್ಮೆ ಕೈಯಿಂದ ಸವರಿ, ಪಕ್ಕದ ಸೀಟಿನಲ್ಲಿ ಕೂತಳು. ಅಳತೆ ತೆಗೆದು ಹೊಲಿದಂತಿತ್ತು. ಅವಳು ಏನೋ ಹೇಳಲು ಬಾಯಿ ತೆರೆದಳು.

"ತಡಿ, ನಾನೂ ಕೂತ್ಕೊಂಡ್ಮೇಲೆ ಹೇಳು" ಎಂದ ಪರಮೇಶ ಸಂಭ್ರಮದಿಂದ ಬಲಗಡೆ ಬಂದು, ಬಲಗಾಲಿಟ್ಟು, ಕೂತ.

ಕೂತ ಅನ್ನುವುದು ಸುಳ್ಳು. ಸೀಟಿನ ಎರಡು ಗೋಡೆಗಳ ಮೇಲೆ ಸೇತುವೆಯ ಹಾಗೆ ನಿಂತ. ಕೆಳಗೆ ಇನ್ನೂ ಅರ್ಧ ಅಡಿ ಜಾಗ ಖಾಲಿಯಿತ್ತು, ಸ್ಟೇರಿಂಗು ಹೊಟ್ಟೆಯೊಳಗೆ ಇಳಿದಿತ್ತು.

"ಪರ್ಸು, ಮೊಬೈಲು ತೆಗೀರಿ ಸಾರ್" ಎಂದ ಮಾರಪ್ಪ. ತೆಗೆದ. "ಉಸಿರು ಬಿಡಿ." ಬಿಟ್ಟ. ಯಾರೋ ಪೌಡರ್ ತಂದು ಸುರಿದರು. ಮಾರಪ್ಪ ಭುಜ ಹಿಡಿದು ಅದುಮಿದ. ಪರಮೇಶ ಎರಡು ಇಂಚು ಇಳಿದು ಅಲ್ಲೇ ಸಿಕ್ಕಿಕೊಂಡ. ಮೇಲೂ ಇಲ್ಲ, ಕೆಳಗೂ ಇಲ್ಲ. ಕೊನೆಗೆ ನಾಲ್ಕು ಜನ ಸೇರಿ, ಬಾವಿಯಿಂದ ಬಿಂದಿಗೆ ಎತ್ತಿದಂತೆ ಅವನನ್ನು ಹೊರಗೆಳೆದರು. ಬಿಳಿ ಪ್ಯಾಂಟಿನ ಮೇಲೆಲ್ಲ ಪೌಡರ್.

"ಮೋಸ! ನಾನು ಮೂವತ್ನಾಲ್ಕು ಅಂತ ಹೇಳಿದ್ರೆ ಇಪ್ಪತ್ತೆಂಟು ಕಳಿಸಿದಾನೆ!" ಎಂದು ಪರಮೇಶ ಕೂಗಾಡಿದ.

ಮಾರಪ್ಪ ಚೀಲದಿಂದ ಟೇಪು ತೆಗೆದು ಸೀಟು ಅಳೆದ. ಸೀಟು ಸರಿಯಾಗೇ ಇತ್ತು. ಆಮೇಲೆ ಅದೇ ಟೇಪನ್ನು ಪರಮೇಶನ ಸೊಂಟಕ್ಕೆ ಸುತ್ತಿದ. "ನಲವತ್ತೊಂದು" ಅಂದ.

ಬೀದಿಯೆಲ್ಲ ಕಾಂತರಾಜನ ಕಡೆ ತಿರುಗಿತು. ಅವನು ಕೈ ಮುಗಿದ. "ಕ್ಷಮಿಸ್ಬೇಕು ಸಾರ್. ಮದುವೇಲಿ ಮೂವತ್ನಾಲ್ಕೇ ಇತ್ತು. ಆಮೇಲೊಂದ್ಸಲ ಮೂವತ್ತಾರು ಅಂದೆ, ನಿಮ್ಮ ಮುಖ ಬಾಡೋಯ್ತು. ನಂಗೆ ನೋಡಕ್ಕಾಗ್ಲಿಲ್ಲ. ಅವತ್ತಿಂದ ಬಾಯಲ್ಲಿ ಮೂವತ್ನಾಲ್ಕು ಅಂತೀನಿ, ಬಟ್ಟೆ ಮೇಲೆ ಇರೋದನ್ನ ಗುರುತು ಹಾಕ್ತೀನಿ."

ಪರಮೇಶ ದಿಕ್ಕು ತೋಚದೆ ಹೆಂಡತಿಯನ್ನು ನೋಡಿದ. "ನಿಂಗೆ ಗೊತ್ತಿತ್ತಾ?"

"ಪ್ಯಾಂಟು ಒಗೆಯೋಳು ನಾನಲ್ವೇನ್ರೀ?" ಎಂದಳು ಆಕೆ ಮೆಲ್ಲಗೆ. "ಅಷ್ಟು ಖುಷಿಯಾಗಿ ಇರ್ತಿದ್ರಿ, ಯಾಕೆ ಹೇಳ್ಲಿ ಅಂತ ಸುಮ್ನಿದ್ದೆ."

ಗಂಟೆ ನಾಲ್ಕೂ ಇಪ್ಪತ್ತು. ಹಳೇ ಸೀಟು ಗುಜರಿಯಲ್ಲಿತ್ತು, ರಾಹುಕಾಲ ಬಾಗಿಲಲ್ಲಿತ್ತು. ಪರಮೇಶ ಕಾರಿನ ಮೂತಿಗೆ ಅಂಟಿಸಿದ್ದ ಹದಿನೇಳನೇ ನಂಬರನ್ನು ಕೀಳಲು ಬಗ್ಗಿದ. ಅವನ ಕಣ್ಣಲ್ಲಿ ನೀರಾಡಿದ್ದು ಸುವರ್ಣಮ್ಮನಿಗೆ ಕಾಣಿಸಿತು.

"ಬಿಡ್ರೀ, ಕೀಳಬೇಡಿ" ಎಂದು ಆಕೆ ಸೆರಗು ಸಿಕ್ಕಿಸಿಕೊಂಡು, ಇಳಿದು ಸುತ್ತಿಬಂದು ಸ್ಟೇರಿಂಗಿನ ಹಿಂದೆ ಕೂತಳು. "ಆರು ವರ್ಷ ಒದ್ದಾಡಿದೀರ, ಗಾಡಿ ಹೋಗ್ದೆ ಇರಬಾರ್ದು. ಕೀ ಕೊಡಿ. ಅಣ್ಣನ ಓಮ್ನಿ ಓಡಿಸೋಕೆ ಮಾಡಿಸಿದ್ದ ಲೈಸೆನ್ಸು ಇನ್ನೂ ಇದೆ. ನೀವು ಬಸ್ಸಲ್ಲಿ ಬನ್ನಿ."

"ಒಬ್ಳೇ ಹೆಂಗೆ ಹೋಗ್ತೀಯಮ್ಮ?" ಎಂದು ಕೇಳಿ ಮುಗಿಸುವಷ್ಟರಲ್ಲಿ ಜಗದಾಂಬಾ ಪಕ್ಕದ ಸೀಟಿನಲ್ಲಿದ್ದರು. ಕಣ್ಣಿಗೆ ಆಪರೇಷನ್ ಆದಾಗ ಕೊಟ್ಟ ಕಪ್ಪು ಕನ್ನಡಕ ಅದು ಯಾವಾಗ ಮೂಗಿನ ಮೇಲೆ ಬಂದಿತ್ತೋ ದೇವರೇ ಬಲ್ಲ. ನಿಂಬೆಹಣ್ಣು ಚಟ್ಟೆಂದಿತು, ಕೆಂಪು ಕಾರು ತಿರುವು ದಾಟಿತು.

ಭದ್ರಾವತಿ ಬಸ್ಸಿನಲ್ಲಿ ಮಾರಪ್ಪನಿಗೆ ಮುಂದೆ ಎಲ್ಲೋ ಸೀಟು ಸಿಕ್ಕಿತು. ಪರಮೇಶ ಹಿಂದೆ, ಇಬ್ಬರ ಸೀಟಿನಲ್ಲಿ ಕಿಟಕಿ ಪಕ್ಕ ಕೂತ. ಪಕ್ಕದಲ್ಲಿ ಉಳಿದ ಚೂರು ಜಾಗದಲ್ಲಿ ಕೂತಿದ್ದ ಮುದುಕರೊಬ್ಬರು "ಸ್ವಲ್ಪ ಆಕಡೆ ಸರೀರಿ ಯಜಮಾನ್ರೇ" ಎಂದರು. ಸರಿಯಲು ಜಾಗವಿರಲಿಲ್ಲ.

ನಿದಿಗೆ ದಾಟುವಾಗ ಹಿಂದಿನಿಂದ ಪೋಂ ಪೋಂ ಎಂದು ಪರಿಚಯದ ಹಾರನ್ನು ಕೇಳಿಸಿತು. ಹಳೇ ಕಾರುಗಳ ಸಾಲು ಒಂದೊಂದಾಗಿ ಬಸ್ಸನ್ನು ದಾಟುತ್ತಿತ್ತು. ಹದಿನೇಳನೇ ನಂಬರಿನಲ್ಲಿ ಜಗದಾಂಬಾ ಎರಡೂ ಕಡೆ ಕೈ ಬೀಸುತ್ತಿದ್ದರು. ಸುವರ್ಣಮ್ಮ ಬಸ್ಸಿನ ಕಿಟಕಿಯಲ್ಲಿ ಗಂಡನ ಮುಖ ಹುಡುಕಿ, ಸಿಕ್ಕಿದ ತಕ್ಷಣ ಮುಖವರಳಿಸಿ, ಗಾಳಿಯನ್ನೂ ಮೀರಿ ಕೂಗಿದಳು:

"ರೀ! ಸೀಟು ತುಂಬಾ ಚೆನ್ನಾಗಿದೆ ಕಣ್ರೀ!"