ಮೂವತ್ತು ಕಟ್ಟಿನ ಆಸಾಮಿ

ನಮ್ಮ ಕಾಕಾನಂಥ ಮೈಗಳ್ಳ ಮೂರು ತಾಲ್ಲೂಕು ಹುಡುಕಿದರೂ ಸಿಗಲಿಕ್ಕಿಲ್ಲ! ಇದು ನನ್ನ ಮಾತಲ್ಲ, ಕಂಪ್ಯೂಟರಿನ ಮಾತು. ಬಣ್ಣದ ಗ್ರಾಫ್ ಸಮೇತ ಹೇಳಿತ್ತು. ಏಳನೆಯ ಇಯತ್ತೆಯಲ್ಲಿ ನಪಾಸಾಗಿ ಶಾಲೆ ಬಿಟ್ಟ ನಾನು ಗ್ರಾಫಿಗೆ ಎದುರು ಮಾತಾಡುವುದುಂಟೇ?

ಗೋಕಾಕದ ಕರದಂಟು ನೀವು ತಿಂದಿರುತ್ತೀರಿ. ಅದು ಬರುವ ರಟ್ಟಿನ ಡಬ್ಬಿ ಯಾರಿಗಾದರೂ ನೆನಪಿದೆಯೇ? ಇಲ್ಲವಲ್ಲ! ಆ ಡಬ್ಬಿ ಮಾಡುವವನು ನಾನು. ಹಮಾಲಿ ಮಾಡಿ, ಸೈಕಲ್ ಮೇಲೆ ರದ್ದಿ ಹೊತ್ತು, ಕೊನೆಗೊಂದು ಶೆಡ್ ಹಾಕಿ ‘ಫ್ಯಾಕ್ಟರಿ’ ಎಂದು ಬೋರ್ಡು ಬರೆಸಿದವನು. ಆರ್ಡರ್ ಹಿಡಿಯಲು ನಾನು ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ತಿರುಗುತ್ತಿದ್ದರೆ, ಡಬ್ಬಿ ಕತ್ತರಿಸುವ ಮಷೀನು ಕಾಕಾನ ಕೈಯಲ್ಲಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಮಸಗುಪ್ಪಿಯಲ್ಲಿ ಕುರಿ ಕಾಯುತ್ತಿದ್ದವನು, ಮಷೀನನ್ನೂ ಕುರಿಯಂತೆಯೇ ಸಾಕಿದ. ‘ಕರಿಯವ್ವ’ ಎಂದು ಹೆಸರಿಟ್ಟ. ಬೆಳಿಗ್ಗೆ ಬಂದವನೇ ಅದರ ಬೆನ್ನು ಚಪ್ಪರಿಸಿ, “ಏನವಾ, ನಿದ್ದಿ ಆತೇನ?” ಎಂದು ವಿಚಾರಿಸುವುದು. ಅದು ಗುರ್ರ್ ಎಂದರೆ, “ಸಿಟ್ಟಿನ್ನೂ ಇಳದಿಲ್ಲ, ತಡೀರಿ” ಎಂದು ನಮ್ಮನ್ನೇ ಹೊರಗೆ ನಿಲ್ಲಿಸುವುದು! ನೂರು ಡಬ್ಬಿಯ ಒಂದು ಕಟ್ಟು ಮುಗಿದೊಡನೆ ಮಷೀನಿನ ಹಿಂದೆ ಹೋಗಿ ಗೋಡೆಗೆ ಇದ್ದಿಲಿನಿಂದ ಒಂದು ಗೀಟು ಎಳೆಯುವುದು.

“ಕಾಕಾ, ಗ್ವಾಡಿ ಹೊಲಸ ಆಗತೈತಿ.”

“ನಿನ್ನ ಗ್ವಾಡೀನ್ನ ಯಾರ ಕನ್ಯಾ ನೋಡಾಕ ಬರತಾರಲೇ?”

ಹೀಗಿರುವಾಗ ನಾನು ಸಾಫ್ಟ್‌ವೇರ್ ತರಿಸಿದೆ. ಯಾವ ಡಬ್ಬಿ ಎಷ್ಟಾಯಿತು, ಮಷೀನು ಎಷ್ಟು ಹೊತ್ತು ಸುಮ್ಮನೆ ನಿಂತಿತು, ಎಲ್ಲವನ್ನೂ ಅದೇ ಹೇಳುತ್ತದಂತೆ! ಚಹಾದಂಗಡಿಯಲ್ಲಿ ನಗುವೋ ನಗು. “ಸಹಿ ಮಾಡಾಕ ಐದ ಮಿನಿಟ ಬೇಕು, ಸಾಹೇಬ್ರು ಕಂಪ್ಯೂಟರ್ ತಂದಾರ!” ಎಂದು ಒಬ್ಬ ನನ್ನ ಎದುರಿಗೇ ಅಂದ. ಕಾಕಾ ಪಕ್ಕದಲ್ಲೇ ಕೂತು ಬಸಿಯಲ್ಲಿ ಚಹಾ ಊದುತ್ತಿದ್ದ.

ಸಾಫ್ಟ್‌ವೇರ್ ಹಾಕಲು ಬಂದವರು ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದಿದ ಒಬ್ಬ ಮ್ಯಾಡಮ್ಮು. “ಮೊದಲ ಹದಿನೈದು ದಿನ ಹಳೇ ಪದ್ಧತಿಯಂಗ ನಡಸ್ರಿ, ಬರದಿಡ್ರಿ. ಆಮ್ಯಾಲ ಹದಿನೈದು ದಿನ ಇದರ ಮ್ಯಾಲ ನಡಸ್ರಿ. ಎರಡನ್ನೂ ಹಚ್ಚಿ ನೋಡಿದ್ರ ಲಾಭ ಐತೋ ಇಲ್ಲೋ ತಿಳೀತೈತಿ” ಎಂದರು.

“ಲಾಭ ಇಲ್ಲಂತ ಬಂದ್ರ, ಯವ್ವಾ?” ಕಾಕಾ ಕೇಳಿದ.

“ತಗೊಂಡಿದ್ದು ತಪ್ಪಾತು ಅಂತ ಅರ್ಥ, ಕಾಕಾರ.”

ಮೊದಲ ಹದಿನೈದು ದಿನ ಕಾಕಾನನ್ನು ನೋಡಬೇಕಿತ್ತು! ತಾಸಿಗೊಮ್ಮೆ ಎಲೆ-ಅಡಿಕೆ. ಕರಿಯವ್ವನಿಗೆ ಹಾಕಿದ ಎಣ್ಣೆಯಲ್ಲಿ ಊರಿಗೆಲ್ಲ ಬಜಿ ಕರಿಯಬಹುದಿತ್ತು. ಕೇಳಿದರೆ, “ಆಕಿಗೆ ಮೈಯಾಗ ಛಲೋ ಇಲ್ಲ.” ದಿನಕ್ಕೆ ಮೂವತ್ತೇ ಕಟ್ಟು. ಅಲ್ಲಿಯತನಕ ನಾನು ಎಣಿಸಿದವನೇ ಅಲ್ಲ. ಆರ್ಡರ್ ಮುಟ್ಟಿದರೆ ಸಾಕಿತ್ತು. ಸಾಫ್ಟ್‌ವೇರ್ ಶುರುವಾದ ದಿನವೇ ನಲವತ್ತು! ಮರುದಿನವೂ ನಲವತ್ತು! “ಇನ್ನ ಕಂಪ್ಯೂಟರ್ ಎಣಸತೈತಲ್ಲ” ಎಂದು ಕಾಕಾ ಇದ್ದಿಲನ್ನೂ ಎಸೆದ. ಕರಿಯವ್ವನ ಜಡ್ಡು ರಾತ್ರೋರಾತ್ರಿ ಎತ್ತ ಹೋಯಿತೆಂದು ನಾನು ಕೇಳಬೇಕಿತ್ತಲ್ಲವೇ? ಕೇಳಲಿಲ್ಲ. ಗೆದ್ದವನು ಪ್ರಶ್ನೆ ಕೇಳುತ್ತಾನೆಯೇ?

ಮ್ಯಾಡಮ್ಮು ಹುಕ್ಕೇರಿಯಲ್ಲಿ ಸಣ್ಣ ಫ್ಯಾಕ್ಟರಿಯವರ ಸಭೆ ಕರೆದು ನನಗೆ ಮಾತಾಡಲು ಹೇಳಿದರು. ಕಾಕಾ ಹೊಸ ಪಟಗಾ ಸುತ್ತಿಕೊಂಡು ಜೊತೆಗೆ ಬಂದ. ಜೀವಮಾನದಲ್ಲಿ ಮೊದಲ ಸಲ ಮೈಕು ಸಿಕ್ಕಿತ್ತು ನೋಡಿ, ನಾಲಿಗೆಗೆ ಬ್ರೇಕೇ ಇರಲಿಲ್ಲ. ಗ್ರಾಫ್ ತೋರಿಸಿ, ಕಾಕಾನನ್ನು ಎದ್ದು ನಿಲ್ಲಿಸಿ, “ಇವ್ರ ನಮ್ಮ ಕಾಕಾ, ಮೂವತ್ತು ಕಟ್ಟಿನ ಆಸಾಮಿ! ಕಂಪ್ಯೂಟರ್ ಕಾಯಾಕ ಹತ್ತಿದ ಮ್ಯಾಲ ನಲವತ್ತಕ್ಕ ಏರ್ಯಾರ!” ಎಂದೆ. ಸಭೆ ಬಿದ್ದುಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಕಾಕಾ.

ಸೋಮವಾರ ಕಾಕಾ ಕೆಲಸಕ್ಕೆ ಬರಲಿಲ್ಲ. “ಕುರಿ ನೋಡಾಕ ಮಂದಿ ಇಲ್ಲ” ಎಂದು ಹೇಳಿ ಕಳಿಸಿದ. ಹೋಗಲಿ, ಕಂಪ್ಯೂಟರ್ ಇದೆಯಲ್ಲ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ದೀಪಾವಳಿಗೆ ಸುಣ್ಣ ಬಳಿಸಲು ಕರಿಯವ್ವನನ್ನು ಸರಿಸಿದಾಗ ಕಾಕಾನ ಗೋಡೆ ಕಂಡಿತು. ದಿನಕ್ಕೊಂದು ಸಾಲು. ಒಂದರಲ್ಲಿ ಎಣಿಸಿದೆ: ನಲವತ್ತು ಗೀಟು. ಕೆಳಗಿನದರಲ್ಲೂ ನಲವತ್ತು. ಅದರ ಕೆಳಗೆ ನಲವತ್ತೊಂದು. ಕಟ್ಟಕಡೆಯ ಹದಿನೈದು ಸಾಲು ಮಾತ್ರ ಮೂವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸುಣ್ಣದವನನ್ನು ತಡೆದು, ಗಾಡಿ ಹತ್ತಿ ಮಸಗುಪ್ಪಿಗೆ ಹೋದೆ.

ಕಾಕಾ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ.

“ಯಾಕ ಹಂಗ ಮಾಡಿದಿ ಕಾಕಾ?”

“ಊರೆಲ್ಲ ನಿನ್ನ ನೋಡಿ ನಗಾಕತ್ತಿತ್ತಲೇ. ಆ ಕಂಪ್ಯೂಟರ್ ನಪಾಸ ಆಗಿದ್ರ ನೀನೂ ನಪಾಸ. ಸಾಲ್ಯಾಗ ಒಮ್ಮಿ ಆದದ್ದ ಸಾಕಾತು.”

“ಹುಕ್ಕೇರ್ಯಾಗ ನಾ ಅಷ್ಟ ಅಂದಾಗರ ಬಾಯಿ ಬಿಡಬಾರದಾಗಿತ್ತಾ?”

“ಬಿಡಾಂವ ಇದ್ನಿ. ಮೈಕ್ ಹಿಡದ್ ನಿಂತಿದ್ದಿ... ನಮ್ಮಣ್ಣನಂಗ ಕಂಡಿ. ಬಿಡಲಿಲ್ಲ.”

“ಮತ್ತ ಸಭಾ ಕರಸತೇನಿ. ಅದ ಮೈಕಿನ್ಯಾಗ ಖರೆ ಹೇಳತೇನಿ.”

“ಹುಚ್ಚೇನಲೇ? ಮತ್ತ ನಪಾಸ ಆಗತಿ!”

“ಹಂಗಾರ ಕೆಲಸಕ್ಕರ ಬಾ.”

“ಮೂವತ್ತು ಕಟ್ಟಿನಾಂವ ನಿನಗ್ಯಾಕ ಬೇಕೋ?” ಎಂದು ನಕ್ಕ. ಮುಳ್ಳು ಬಂತು. ಮರಿಯನ್ನು ಬಿಟ್ಟು ಕೈ ಒರೆಸಿಕೊಂಡ.

ಮೈಕಿನಲ್ಲಿ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ. ಬರೆಯಬಾರದು ಎಂದಿಲ್ಲ. ಅದಕ್ಕೇ, ಸಹಿ ಮಾಡಲು ಐದು ಮಿನಿಟು ಬೇಕಾಗುವ ಈ ಕೈಯಿಂದ ಬರೆಯುತ್ತಿದ್ದೇನೆ: ದಿನಕ್ಕೆ ನಲವತ್ತು ಕಟ್ಟು. ಒಮ್ಮೊಮ್ಮೆ ನಲವತ್ತೊಂದು.