ಗುರುವಿಗೆ ಎರಡು ಮಾತ್ರೆ

ಭಾನುವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನಾಯಿ ಮಾತ್ರೆ ಉಗುಳಿತು.

ಅದು ಜಂತುಹುಳದ ಮಾತ್ರೆ. ಕೊಟ್ಟವರು ಛಂದಸ್ಸಿನ ಮೇಷ್ಟ್ರು. ಎಂಥ ದಡ್ಡನ ಗಂಟಲಲ್ಲೂ ಪದ್ಯ ಇಳಿಸಿದವರೆಂದು ಇಪ್ಪತ್ತೆಂಟು ವರ್ಷದಿಂದ ಅವರಿಗೆ ಹೆಸರು. ಹಾಲಿನವನೂ ಅವರನ್ನು ‘ಗುರುಗಳೇ’ ಎಂದೇ ಕರೆಯುತ್ತಿದ್ದ.

ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೇಷ್ಟರ ಬೆಕ್ಕಿನ ಹೆಸರು ಲಘು, ನಾಯಿಯ ಹೆಸರು ಗುರು. ಪಶುವೈದ್ಯರು ತೂಕ ನೋಡಿ ಬೆಕ್ಕಿಗೆ ಒಂದು, ನಾಯಿಗೆ ಎರಡು ಮಾತ್ರೆ ಬರೆದುಕೊಟ್ಟಾಗ ಮೇಷ್ಟರ ಎದೆ ಗೇಣುದ್ದ ಉಬ್ಬಿತು. ಶಾಸ್ತ್ರ ಎಲ್ಲಿ ಹೋದರೂ ಶಾಸ್ತ್ರವೇ. ಮನೆಗೆ ಬಂದವರೇ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದರು: ‘ಲಘುವಿಗೆ ಒಂದು ಮಾತ್ರೆ. ಗುರುವಿಗೆ ಎರಡು.’

ಲಘುವಿನದನ್ನು ಹೆಂಡತಿ ಶನಿವಾರವೇ ಸದ್ದಿಲ್ಲದೆ ಮುಗಿಸಿದ್ದರು. ಗುರುವಿನದು ಮಾತ್ರ ತಮ್ಮ ಕೈಯಿಂದಲೇ ಆಗಬೇಕೆಂದು ಮೇಷ್ಟ್ರು ಪಟ್ಟು ಹಿಡಿದಿದ್ದರು.

ಗಡುವು ಸಂಜೆ ಆರು. ಮರುದಿನ ಹೆಂಡತಿಯ ತಂಗಿ ಅಂಬೆಗಾಲಿಡುವ ಕೂಸಿನೊಂದಿಗೆ ಒಂದು ತಿಂಗಳಿಗೆ ಬರುವವಳಿದ್ದಳು. ಹೊಟ್ಟೆಯಲ್ಲಿ ಹುಳವಿರುವ ನಾಯಿ ಕೂಸಿನ ಹತ್ತಿರ ಸುಳಿಯಬಾರದು. ಮಾತ್ರೆ ಹೋಗದಿದ್ದರೆ ಆ ತಿಂಗಳೆಲ್ಲ ನಾಯಿ ತನ್ನ ತಮ್ಮನ ಮನೆಯಲ್ಲಿರಲಿ ಎಂದು ಹೆಂಡತಿ ತೀರ್ಪು ಕೊಟ್ಟಿದ್ದರು. ಐದು ವರ್ಷದಲ್ಲಿ ಆ ನಾಯಿ ಒಂದು ರಾತ್ರಿಯೂ ಮೇಷ್ಟರನ್ನು ಬಿಟ್ಟು ಮಲಗಿರಲಿಲ್ಲ.

ಇನ್ನೊಂದು ತೊಡಕಿತ್ತು. ‘ಗುರು’ ಎಂಬ ಶಬ್ದವನ್ನು ಏಕವಚನದಲ್ಲಿ ಕರೆಯಲು ಮೇಷ್ಟರ ನಾಲಿಗೆ ಹೊರಳುತ್ತಿರಲಿಲ್ಲ.

“ಗುರುಗಳೇ, ಬಾಯಿ ತೆಗೀರಿ,” ಎಂದರು, ಮಂಡಿಯೂರಿ. “ಸ್ವಲ್ಪ ನುಂಗಿಬಿಡಿ.”

ಬೆಣ್ಣೆ ಸವರಿ ಕೊಟ್ಟರು. ನಾಯಿ ಬೆಣ್ಣೆ ನೆಕ್ಕಿ, ತೊಳೆದಿಟ್ಟಂತಿದ್ದ ಮಾತ್ರೆಗಳನ್ನು ಮಂಚದ ಕೆಳಗೆ ಬಿಟ್ಟು ಬಂತು. ಬ್ರೆಡ್ಡಿನಲ್ಲಿ ಅಡಗಿಸಿ ಕೊಟ್ಟರು. ಬ್ರೆಡ್ಡಿಗೆ ಒಂದು ದಾರಿ, ಮಾತ್ರೆಗೆ ಇನ್ನೊಂದು ದಾರಿಯಾಯಿತು. ಹೆಂಡತಿಯೂ ದನಿಗೂಡಿಸಿ “ಉಗುಳಬೇಡಿ ಗುರುಗಳೇ” ಎಂದು ಬೇಡಿದರು. ಗುರುಗಳು ಇಬ್ಬರನ್ನೂ ಸಮಾನವಾಗಿ ನೋಡಿ ಉಗುಳಿದರು.

ಹನ್ನೊಂದಕ್ಕೆ ಎದುರುಮನೆಯ ನಿವೃತ್ತ ಕಂಡಕ್ಟರ್ ಕರೆಯದೆಯೇ ಬಂದರು. “ಬಾಯಿ ಅಂದ್ರೆ ಬಸ್ಸಿನ ಬಾಗಿಲು ಇದ್ದಂಗೆ, ಗುರುಗಳೇ. ಒಳಗೆ ಹತ್ತಿಸಿದ ಮೇಲೆ ಮುಚ್ಚಬೇಕು, ರೈಟ್ ಅನ್ನಬೇಕು.” ಹತ್ತಿಸಿದರು, ಮುಚ್ಚಿದರು. ಕಂಡಕ್ಟರ್ ಹಳೆಯ ಗಂಟಲಲ್ಲಿ “ರೈಟ್” ಎಂದದ್ದೇ ತಡ, ನಾಯಿ ಹೊರಟೇಬಿಟ್ಟಿತು. ದಾರಿಯಲ್ಲಿ ನೀರಿನ ಬಕೆಟ್ಟು ಉರುಳಿತು, ಅದರ ಮೇಲೆ ಕಂಡಕ್ಟರ್ ಉರುಳಿದರು. ಮಾತ್ರೆಗಳು ಹೊಸ್ತಿಲ ಬಳಿ ಇಳಿದಿದ್ದವು.

ಮಧ್ಯಾಹ್ನ ಮೂರಕ್ಕೆ, ಐದು ಸಲ ಉಗುಳಿಸಿಕೊಂಡು ಅರ್ಧ ಸವೆದ ಎರಡು ಮಾತ್ರೆಗಳು ಚೀಟಿಯ ಕೆಳಗೆ ಒಂದು ತಟ್ಟೆಯಲ್ಲಿ ಕೂತಿದ್ದವು. ನಾಯಿ ಹಿತ್ತಲಲ್ಲಿ ಗೊರಕೆ ಹೊಡೆಯುತ್ತಿತ್ತು.

ಆಗ ಮಹಡಿಯಿಂದ ನರ್ಸಮ್ಮ ಇಳಿದು ಬಂದರು. ಶುಕ್ರವಾರವಷ್ಟೇ ಬಾಡಿಗೆಗೆ ಬಂದಿದ್ದ ನಿವೃತ್ತ ಹೆಡ್ ನರ್ಸ್. ಮೂವತ್ತೆರಡು ವರ್ಷದ ನೌಕರಿಯಲ್ಲಿ ತನ್ನ ಕೈಯ ಔಷಧಿಯನ್ನು ಒಬ್ಬರೂ ಉಗುಳಿಲ್ಲ ಎಂಬುದನ್ನು ಸಾಮಾನು ಇಳಿಸುವಾಗಲೇ ಬೀದಿಗೆ ತಿಳಿಸಿದ್ದರು.

“ಬೆಳಿಗ್ಗೆಯಿಂದ ಕೇಳ್ತಾ ಇದೀನಿ,” ಎಂದರು ಮೇಷ್ಟರ ಹೆಂಡತಿಗೆ. “ನುಂಗಿ ಗುರುಗಳೇ, ಉಗುಳಬೇಡಿ ಗುರುಗಳೇ ಅಂತ. ನನಗೆ ಬಿಡಿ.”

ತಮಗೆ ಯಾರ ಸಹಾಯವೂ ಬೇಡ ಎಂದರು ಮೇಷ್ಟ್ರು, ಪತ್ರಿಕೆಯಿಂದ ತಲೆಯೆತ್ತದೆ.

“ಎಲ್ಲರೂ ಮೊದಲು ಹೀಗೇ ಹೇಳೋದು,” ಎಂದರು ನರ್ಸಮ್ಮ.

“ಆರರೊಳಗೆ ಹೋಗಲಿಲ್ಲ ಅಂದ್ರೆ ನನ್ನ ತಮ್ಮ ಬಂದು ಕರ್ಕೊಂಡು ಹೋಗ್ತಾನೆ,” ಎಂದರು ಹೆಂಡತಿ. “ನನಗೂ ಸಾಕಾಗಿದೆ ಸಿಸ್ಟರ್. ದಿನವೆಲ್ಲ ಸೋಫಾ ಮೇಲೆ ಬಿದ್ಕೊಳ್ಳೋದು, ಮನೆ ತುಂಬ ಕೂದಲು ಉದುರಿಸೋದು.”

ನರ್ಸಮ್ಮ ಮೇಷ್ಟರ ಬೋಳುತಲೆಯತ್ತ ಒಮ್ಮೆ ನೋಡಿ, ಪಾಪವೆಂಬಂತೆ ಹೆಂಡತಿಯ ಭುಜ ತಟ್ಟಿದರು. ಮನೆಯವರು ಎದುರಿಗಿದ್ದರೆ ಹಟ ಜಾಸ್ತಿ ಎಂದು ಅವರನ್ನು ತಂಗಿಯ ಕೋಣೆ ಸಜ್ಜು ಮಾಡಲು ಕಳಿಸಿ, ತಾವೊಬ್ಬರೇ ಅಡುಗೆಮನೆ ಹೊಕ್ಕರು.

ಹತ್ತು ನಿಮಿಷಕ್ಕೆ ಮೇಷ್ಟರ ಮುಂದೆ ಟೀ ಬಂತು. ಬೇವಿನ ಚೆಕ್ಕೆ ಕುದಿಸಿದಷ್ಟು ಕಹಿ. ಆದರೆ ಹೊಸ ನೆರೆಯವರು ಮೊದಲ ಸಲ ಮಾಡಿದ ಟೀ. ಮರ್ಯಾದಸ್ಥರು ಮುಖ ಕಿವುಚಬಾರದು. ನರ್ಸಮ್ಮ ಪಕ್ಕದಲ್ಲೇ ನಿಂತು “ತಳದಲ್ಲಿ ಉಳಿದಿದೆ ನೋಡಿ” ಎಂದರು. ಮೇಷ್ಟ್ರು ಅದನ್ನೂ ಕುಡಿದರು.

ಐದೂವರೆಗೆ ಹೆಂಡತಿ ಬಂದು ಏನಾಯಿತೆಂದು ವಿಚಾರಿಸಿದರು.

“ಗುರುಗಳಿಗೆ ಎರಡೂ ಹೋಯ್ತು,” ಎಂದರು ನರ್ಸಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. “ಒಂದು ತೊಟ್ಟೂ ಉಗುಳಲಿಲ್ಲ.”

ಮೇಷ್ಟ್ರು ಪತ್ರಿಕೆ ಎಸೆದು ಎದ್ದರು. ಕಂಡಕ್ಟರನ್ನು ಕೂಗಿ ಕರೆದರು. ಭಾವಮೈದುನನಿಗೆ ಫೋನ್ ಮಾಡಿ ಬರುವ ಅಗತ್ಯವಿಲ್ಲವೆಂದೂ, ಕೆಲಸ ತಮ್ಮ ಮೇಲ್ವಿಚಾರಣೆಯಲ್ಲೇ ನಡೆಯಿತೆಂದೂ ತಿಳಿಸಿದರು. ಆಮೇಲೆ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ನಾಯಿಯ ಕೊರಳು ತಬ್ಬಿಕೊಂಡರು.

“ಭೇಷ್ ಗುರುಗಳೇ. ನನ್ನ ಮಾನ ಉಳಿಸಿದಿರಿ.”

ನರ್ಸಮ್ಮ ಮೆಟ್ಟಿಲ ಮೇಲೆ ನಿಂತರು. “ನಾಯಿಗೂ ಗುರುಗಳೇ ಅಂತೀರಾ?”

“ಗುರು ಅಂದ್ರೆ ನಾಯಿನೇ ಅಲ್ವಾ ಸಿಸ್ಟರ್?” ಎಂದರು ಹೆಂಡತಿ. “ಮತ್ತೆ ನೀವು ಯಾರಿಗೆ ಕೊಟ್ರಿ?”

ನರ್ಸಮ್ಮ ಮೇಷ್ಟರನ್ನು ನೋಡಿದರು. ಮೇಷ್ಟ್ರು ಒಳಗೆ ಟೀಪಾಯಿಯ ಮೇಲಿದ್ದ ಖಾಲಿ ಲೋಟವನ್ನು ನೋಡಿದರು. ಮೊದಲು ಅರ್ಥವಾದದ್ದು ಕಂಡಕ್ಟರಿಗೆ.

“ರೈಟ್,” ಎಂದರು ಅವರು.

ಫೋನಿನಲ್ಲಿ ಪಶುವೈದ್ಯರು, ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದರು. ಮನುಷ್ಯರ ಡಾಕ್ಟರು ಮಾತ್ರೆಯ ಹೆಸರು, ಪ್ರಮಾಣ ಕೇಳಿ, ಹೆದರಬೇಕಿಲ್ಲ, ನೀರು ಕುಡಿಯಿರಿ, ಹುಳಗಳಿದ್ದರೆ ಹೋಗುತ್ತವೆ ಎಂದರು. ತನ್ನ ದಾಖಲೆಗೆ ಧಕ್ಕೆ ಬಂದಿಲ್ಲವೆಂದು ಹೇಳಿ ನರ್ಸಮ್ಮ ತಲೆಯೆತ್ತಿಕೊಂಡೇ ಮಹಡಿ ಹತ್ತಿದರು.

“ಆರರೊಳಗೆ ಗುರುವಿಗೆ ಎರಡು ಮಾತ್ರೆ ಹೋಗಬೇಕು. ಅದು ತಾನೇ ಷರತ್ತು?” ಎಂದು ಮೇಷ್ಟ್ರು ಹೊಟ್ಟೆ ಹಿಡಿದುಕೊಂಡೇ ವಾದಿಸಿದರು. “ಹೋಗಿದೆ.”

ಹೆಂಡತಿ ತಮ್ಮನಿಗೆ ಫೋನ್ ಮಾಡಿದರು. ಆರು ನಲವತ್ತಕ್ಕೆ ಕಾರು ಬಂತು. ನಾಯಿ ಮುಂದಿನ ಸೀಟಿನಲ್ಲಿ ಕೂತು ಹೋಯಿತು. ಬೀಳ್ಕೊಡಲು ಮೇಷ್ಟ್ರು ಇರಲಿಲ್ಲ. ಬಚ್ಚಲಮನೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಭಾವಮೈದುನನ ಫೋನ್ ಬಂತು. ಹೊಸದಾಗಿ ಎರಡು ಮಾತ್ರೆ ತಂದು ಅಂಗೈಯಲ್ಲಿಟ್ಟು, “ನುಂಗೋ” ಎಂದನಂತೆ.

ನುಂಗಿತಂತೆ.