ಇಲ್ಲದ ಕಾಯಿಗೆ ಗುರಿಯಿಟ್ಟ ಭಾವ

ನಮ್ಮ ಭಾವನವರು ಜೀವಮಾನದಲ್ಲಿ ಒಮ್ಮೆಯೂ ಕಣ್ಣೆದುರು ಇರುವ ವಸ್ತುವಿಗೆ ಗುರಿಯಿಟ್ಟವರಲ್ಲ. ಅವರು ಗುರಿಯಿಡುತ್ತಿದ್ದದ್ದೆಲ್ಲ ಅಲ್ಲಿ ಇಲ್ಲದ ವಸ್ತುವಿಗೆ! ಹೀಗೆಂದರೆ ನೀವು ನಗುತ್ತೀರಿ, ಮಕ್ಕಳೇ. ನನಗೆ ಮೊದಲ ಸಲ ಅದನ್ನು ಕಂಡಾಗ ನಗು ಬರಲಿಲ್ಲ. ಹೆದರಿ ಒಳಗೋಡಿದ್ದೆ.

ಮೊನ್ನೆ ನೀವು ಅಟ್ಟದಿಂದ ಹಳೆಯ ಕೇರಂ ಬೋರ್ಡು ಇಳಿಸಿ, ಒದ್ದೆ ಬಟ್ಟೆಯಿಂದ ಅದರ ಸುತ್ತಲಿನ ಮರದ ಕಟ್ಟನ್ನು ಒರೆಸಲು ಹೊರಟಾಗ ನಾನು ಕೂಗಿಕೊಂಡೆನಲ್ಲ, ಅಜ್ಜಿಗೆ ಏನೋ ಆಯಿತೆಂದು ಬೆಪ್ಪಾಗಿ ನಿಂತಿರಿ. ನಾನು ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದವಳು. ಎದುರು ಕೂರಿಸಿಕೊಂಡು ಹೇಳಲು ಈಗಲೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೆಯ ಕ್ಲಾಸು ಓದಿದವಳ ಬರಹ, ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ಆ ಕಟ್ಟನ್ನು ಮಾತ್ರ ಒರೆಸಬೇಡಿ.

ಭಾವ ಎಂದರೆ ನಿಮ್ಮ ತಾತನ ಅಣ್ಣ. ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲು, ಜೇಬಿನಲ್ಲಿ ಮೂರು ಮೊಳ ದಾರ. ದಾರ ಯಾಕೆ ಅಂತೀರಾ? ತಡೆಯಿರಿ, ಮೊದಲು ನನ್ನನ್ನು ಹೆಣ್ಣು ನೋಡಲು ಬಂದ ದಿನಕ್ಕೆ ಹೋಗೋಣ.

ಕನಕಪುರದ ಕಡೆಯ ನಮ್ಮ ಹಳ್ಳಿಗೆ ಅಣ್ಣ ತಮ್ಮ ಇಬ್ಬರೇ ಬಸ್ಸಿಳಿದು ಬಂದಿದ್ದರು. ನಾನು ತಟ್ಟೆಯಲ್ಲಿ ರವೆ ಉಂಡೆ ಇಟ್ಟು, ಕಾಫಿ ಲೋಟಗಳನ್ನು ಬೆಂಚಿನ ಮೇಲಿಟ್ಟು, ತಲೆ ತಗ್ಗಿಸಿ ನಿಂತೆ. ಹಾಡು ಬರುತ್ತಾ, ಹಸೆ ಬರುತ್ತಾ ಎಂದು ಕೇಳುತ್ತಾರೆಂದು ಎರಡು ಹಾಡು ಬಾಯಿಪಾಠ ಮಾಡಿಕೊಂಡಿದ್ದೆ. ಭಾವ ಕೇಳಿದ್ದೇನು ಗೊತ್ತೆ?

ಒಂದು ರವೆ ಉಂಡೆಯನ್ನು ಬೆಂಚಿನ ನಡುವೆ ಇಟ್ಟರು. ಇನ್ನೊಂದನ್ನು ನನ್ನ ಮುಂದಿಟ್ಟರು. "ನೋಡಮ್ಮ, ಆ ಉಂಡೆ ಹೋಗಿ ನನ್ನ ತಮ್ಮನ ಲೋಟಕ್ಕೆ ತಾಗಬೇಕು. ಹಾಗಾದ್ರೆ ನಿನ್ನ ಉಂಡೆ ಎಲ್ಲಿಗೆ ಗುರಿಯಿಡಬೇಕು?"

ನಮ್ಮಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು. ನಮ್ಮಪ್ಪ ಮದುವೆಯ ಬ್ರೋಕರನ್ನು ಕೊಲ್ಲುವ ಹಾಗೆ ನೋಡಿದರು. ನನಗೋ ಮಾತು ಹೊರಡಲಿಲ್ಲ. ಆದರೆ ಅಣ್ಣಂದಿರ ಜೊತೆ ಗೋಲಿ ಆಡಿ ಬೆಳೆದ ಬೆರಳು ನೋಡಿ, ಅದು ನನ್ನ ಮಾತು ಕೇಳಲಿಲ್ಲ! ಟಪ್ ಎಂದು ಚಿಮ್ಮಿತು. ನನ್ನ ಉಂಡೆ ಹೋಗಿ ಆ ಉಂಡೆಗೆ, ಆ ಉಂಡೆ ಹೋಗಿ ಲೋಟಕ್ಕೆ, ಲೋಟ ಉರುಳಿ ಕಾಫಿಯೆಲ್ಲ ಮದುವೆ ಗಂಡಿನ ಬಿಳಿ ಪ್ಯಾಂಟಿಗೆ!

ಸಂಬಂಧ ಮುರಿಯಿತು ಎಂದುಕೊಂಡು ನಾನು ಸೆರಗಿನಿಂದ ಬೆಂಚು ಒರೆಸುತ್ತಿದ್ದರೆ, ಆ ಗಂಡು ಬಿದ್ದು ಬಿದ್ದು ನಗುತ್ತಿದ್ದರು. "ನೋಡ್ದ್ಯಾ ಅಣ್ಣ? ಲೆಕ್ಕ ಇಲ್ಲ, ಗಿಕ್ಕ ಇಲ್ಲ. ಬರೀ ಅಂದಾಜು!"

ಭಾವನ ಮುಖ ಮಾತ್ರ ಸಣ್ಣಗಾಯಿತು. "ಸಾವಿರಕ್ಕೊಂದು ಸಲ ಬೀಳುತ್ತೆ ಕಣೋ. ಹುಡುಗಿ ಪರವಾಗಿಲ್ಲ. ತಿದ್ದಬಹುದು."

ಹೀಗೆ ನನ್ನ ಮದುವೆ ನಿಶ್ಚಯವಾಯಿತು.

ಜಯನಗರದ ಮನೆಗೆ ಕಾಲಿಟ್ಟ ಮರುದಿನ ಬೆಳಗ್ಗೆ ಎರಡನೆಯ ಆಘಾತ. ಹಜಾರಕ್ಕೆ ಬಂದರೆ ಭಾವ ನೆಲದ ಮೇಲೆ ಬೋರಲಾಗಿ ಮಲಗಿದ್ದಾರೆ! ಒಂದು ಕಣ್ಣು ಮುಚ್ಚಿದೆ. ಕೈಯಲ್ಲಿ ದಾರ. ಮೂರ್ಛೆ ಬಂದಿದೆ ಎಂದು ನಾನು ಒಳಗೋಡಿ ಅಕ್ಕನ ಸೆರಗು ಹಿಡಿದೆ. ಅಕ್ಕ ಎಂದರೆ ಭಾವನ ಹೆಂಡತಿ, ನನ್ನ ವಾರಗಿತ್ತಿ. ಅವರು ಒಗ್ಗರಣೆ ಬಿಟ್ಟು ಕದಲಲಿಲ್ಲ. "ಮೂರ್ಛೆ ಅಲ್ಲ ಕಣೆ, ಕೇರಂ. ದಿನಾ ಇದೇ ಪೂಜೆ. ತುಳಿದುಬಿಟ್ಟೀಯ, ಹುಷಾರು!"

ಆಗ ಗೊತ್ತಾಯಿತು ದಾರದ ಗುಟ್ಟು. ಕಾರ್ಖಾನೆಯ ಸಾಹೇಬರ ಕ್ಲಬ್ಬಿನಲ್ಲಿ ಬಿಲಿಯರ್ಡ್ಸ್ ಟೇಬಲ್ ಇತ್ತಂತೆ. ಒಮ್ಮೆ ನಕ್ಷೆ ತಲುಪಿಸಲು ಹೋದಾಗ, ಮುದುಕ ಆಟಗಾರರೊಬ್ಬರು ಯಾರಿಗೋ ಗುರಿಯ ಪಾಠ ಹೇಳುತ್ತಿದ್ದರಂತೆ. ಹೊಡೆಯಬೇಕಾದ ಚೆಂಡಿನ ಬೆನ್ನಿಗೆ ತಾಗಿಕೊಂಡು ಇನ್ನೊಂದು ಚೆಂಡು ಇದೆಯೆಂದು ಊಹಿಸಿಕೋ. ನಿನ್ನ ಚೆಂಡನ್ನು ಆ ಇಲ್ಲದ ಚೆಂಡಿನ ಜಾಗಕ್ಕೆ ಕಳಿಸು, ಉಳಿದದ್ದು ತಾನೇ ಆಗುತ್ತದೆ. ಭಾವನಿಗೆ ಕೋಲು ಮುಟ್ಟುವ ಅರ್ಹತೆ ಇರಲಿಲ್ಲ, ಕಿಟಕಿಯ ಆಚೆ ನಿಂತು ಕೇಳಿಸಿಕೊಂಡು ಬಂದರು. ಮನೆಯಲ್ಲಿ ಕೇರಂ ಬೋರ್ಡಿತ್ತು. ಅಂದಿನಿಂದ ಮೂಲೆಯ ತೂತಿನಿಂದ ಕಾಯಿಯ ಮೇಲೆ ದಾರ ಎಳೆದು, ಅದು ಕಟ್ಟಿಗೆ ತಾಗುವಲ್ಲಿ ಕೆಂಪು ಗೆರೆ ಹಾಕಿ, ಕಾಯಿಯ ಹಿಂದೆ ಇಲ್ಲದ ಕಾಯಿಯನ್ನು ಕೂರಿಸಿ, ಆಮೇಲೆ ಹೊಡೆತ. ಒಂದು ಹೊಡೆತಕ್ಕೆ ಅವರು ಅಣಿಯಾಗುವಷ್ಟರಲ್ಲಿ ಅಕ್ಕ ಒಂದು ಸೇರು ಅಕ್ಕಿ ಆರಿಸಿ ಮುಗಿಸುತ್ತಿದ್ದರು!

ಎದುರು ಕೂರುತ್ತಿದ್ದದ್ದು ನಿಮ್ಮ ತಾತ. ಅವರು ಕಾಫಿ ಕುಡಿಯುತ್ತ, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತ, ಬೋರ್ಡಿನ ಕಡೆ ಸರಿಯಾಗಿ ನೋಡದೆ ಟಕ್ ಎಂದು ಹೊಡೆಯುತ್ತಿದ್ದರು. ಕಾಯಿ ಬೀಳುತ್ತಿತ್ತು.

"ಹ್ಯಾಗೆ ಹೊಡೆದೆ?" ಭಾವ ಕೇಳುವರು.

"ಅಂದಾಜು ಅಣ್ಣ."

"ಅಂದಾಜಲ್ಲಿ ಸೇತುವೆ ಕಟ್ತಾರೇನೋ? ಅಂದಾಜಲ್ಲಿ ರೈಲು ಓಡುತ್ತಾ?"

"ಅಂದಾಜಲ್ಲಿ ಸಾರಿಗೆ ಉಪ್ಪು ಹಾಕ್ತಾರಲ್ಲ. ಅತ್ತಿಗೆ ದಾರ ಹಿಡಿದು ಹಾಕ್ತಾರಾ?"

ವರ್ಷಗಟ್ಟಲೆ, ಪ್ರತಿ ಭಾನುವಾರ, ಇದೇ ಜಗಳ. ಭಾವನಿಗೆ ಗೆಲ್ಲುವ ಹಟವಿರಲಿಲ್ಲ. ತಮ್ಮನ ಬಾಯಿಂದ ಒಂದೇ ಒಂದು ಸಲ, "ಅಣ್ಣ, ನಿನ್ನ ಲೆಕ್ಕ ಸರಿ" ಎಂಬ ಮಾತು ಬರಬೇಕಿತ್ತು. ಅಷ್ಟೇ. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾತು ನಿಮ್ಮ ತಾತ ಆಡುತ್ತಿದ್ದರು.

ಈ ಜಗಳದ ನಡುವೆ ನನ್ನನ್ನು ಪಂಚಾಯಿತಿಗೆ ಕೂರಿಸಿದ್ದು ಬೇರೆ. ನಮ್ಮ ಮನೆತನದಲ್ಲಿ ಗಂಡನ ಅಣ್ಣನ ಎದುರು ನಿಲ್ಲುವ ಹಾಗಿಲ್ಲ, ನೇರವಾಗಿ ಮಾತಾಡುವ ಹಾಗಂತೂ ಇಲ್ಲವೇ ಇಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆಯೇ ಇರುತ್ತಿದ್ದೆ. ಭಾವ ಅದಕ್ಕೂ ಒಂದು ಲೆಕ್ಕ ಕಂಡುಹಿಡಿದರು. ಸೌಟಿನಿಂದ ಬಾಗಿಲಿಗೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಅಲ್ಲ! "ಏನಮ್ಮ, ಸ್ಟ್ರೈಕರ್ ಗೆರೆ ಮುಟ್ಟಿತ್ತಲ್ವಾ?" ಟಕ್. "ನನ್ನ ಕೈ ಅಲ್ಲಾಡ್ತಾ?" ಟಕ್ ಟಕ್. ಎಷ್ಟು ವರ್ಷ ಆ ಮನೆಯಲ್ಲಿ ಬಾಳಿದೆ, ಭಾವನಿಗೆ ನನ್ನ ದನಿ ಹೇಗಿದೆಯೆಂದೇ ಗೊತ್ತಿರಲಿಲ್ಲ. ಸೌಟಿನ ದನಿ ಚೆನ್ನಾಗಿ ಗೊತ್ತಿತ್ತು.

ಬೋರ್ಡಿನ ಪೌಡರ್ ಮುಗಿದರೆ ನನ್ನ ಮದುವೆಗೆ ಉಡುಗೊರೆ ಬಂದ ಮಲ್ಲಿಗೆ ವಾಸನೆಯ ಪೌಡರಿಗೆ ಕೈ. ಅದೂ ಮುಗಿದರೆ ಅಕ್ಕಿ ಹಿಟ್ಟು! ಒಂದು ಭಾನುವಾರ ಕಾಯಿಗಿಂತ ಮೊದಲು ಇರುವೆಗಳು ತೂತು ಸೇರಿದವು. "ನೋಡಣ್ಣ, ಅವುಕ್ಕೆ ದಾರ ಬೇಕಾಗ್ಲಿಲ್ಲ" ಎಂದರು ನಿಮ್ಮ ತಾತ.

ಈ ಹುಚ್ಚು ಮನೆಯೊಳಗಿದ್ದರೆ ಹೇಗೋ ಸಹಿಸಬಹುದಿತ್ತು. ಚಿಕ್ಕಲಸಂದ್ರದಲ್ಲಿ ನೆಂಟರ ಮದುವೆಯಲ್ಲಿ ಏನಾಯಿತು ಕೇಳಿ. ಗಟ್ಟಿಮೇಳ ಮೊಳಗಿತು. ಎಲ್ಲರೂ ಅಕ್ಷತೆ ಎಸೆದರು. ಭಾವ ಎಸೆಯಲಿಲ್ಲ. ಒಂದು ಕಣ್ಣು ಮುಚ್ಚಿದರು. ಅಕ್ಕ "ರೀ, ಬೇಡ ರೀ" ಎಂದು ಪಿಸುಗುಟ್ಟುತ್ತಿದ್ದ ಹಾಗೆಯೇ, ಮದುಮಗನ ತಲೆಯ ಪಕ್ಕದಲ್ಲಿ ಇನ್ನೊಂದು ಇಲ್ಲದ ತಲೆಯನ್ನು ಊಹಿಸಿಕೊಂಡು ಮುಷ್ಟಿ ಬಿಟ್ಟರು. ಅಕ್ಷತೆ ನೇರವಾಗಿ ಪುರೋಹಿತರ ತೆರೆದ ಬಾಯಿಗೆ! ಮಂತ್ರ ನಿಂತಿತು. ಓಲಗವೂ ನಿಂತಿತು. ಪುರೋಹಿತರು ಕೆಮ್ಮಿ ಕೆಮ್ಮಿ ಕೆಂಪಾದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಲೆಕ್ಕ ತಪ್ಪಿಲ್ಲ," ಎಂದರು ಭಾವ ಶಾಂತವಾಗಿ. "ಶಾಸ್ತ್ರಿಗಳು ಅಲ್ಲಾಡಿಬಿಟ್ರು."

ಅಕ್ಕ ಹಲ್ಲು ಕಚ್ಚಿ ಎಳೆದುಕೊಂಡು ಹೊರಟರು. "ಊಟಕ್ಕಾದ್ರೂ ಇರೋ ಎಲೆ ಮುಂದೆ ಕೂತ್ಕೊಳ್ಳಿ, ನಿಮ್ಮ ದಮ್ಮಯ್ಯ!"

ಇಷ್ಟೆಲ್ಲ ಕಂಡವಳಿಗೆ ಇನ್ನೇನೂ ಆಘಾತ ಆಗಲಾರದು ಎಂದುಕೊಂಡಿದ್ದೆ. ಆಯಿತು. ಒಂದು ಮಧ್ಯಾಹ್ನ ಭಾವ, ಅಕ್ಕ ಇಬ್ಬರೂ ಬನಶಂಕರಿ ಗುಡಿಗೆ ಹೋಗಿದ್ದರು. ಒಣಗಿದ ಬಟ್ಟೆ ಎತ್ತಿಕೊಂಡು ಹಜಾರಕ್ಕೆ ಬಂದೆ. ನೆಲದ ಮೇಲೆ ಬೋರಲಾಗಿ ಒಂದು ಆಕೃತಿ. ಒಂದು ಕಣ್ಣು ಮುಚ್ಚಿದೆ. ಕೈಯಲ್ಲಿ ದಾರ. ಗುಡಿಗೆ ಹೋದ ಭಾವ ಇಷ್ಟು ಬೇಗ ಬಂದರೇ ಎಂದು ಬಾಗಿಲ ಹಿಂದೆ ಸರಿಯಲು ಹೋದವಳು ಹಾಗೇ ನಿಂತೆ. ಅದು ಭಾವನಲ್ಲ. ನಿಮ್ಮ ತಾತ!

ಬಟ್ಟೆಯೆಲ್ಲ ಕೈಜಾರಿ ಬಿತ್ತು. ಅವರು ಕಳ್ಳನ ಹಾಗೆ ಎದ್ದು ಕೂತರು. ಕೈಯಲ್ಲಿ ಮೋಟು ಕಪ್ಪು ಪೆನ್ಸಿಲು. ತಾವು ಕೂರುವ ಕಡೆಯ ಕಟ್ಟಿನ ಒಳ ಅಂಚಿನಲ್ಲಿ, ದಾರ ತಾಗಿದ ಕಡೆಯಲ್ಲೆಲ್ಲ, ಸಾಸಿವೆಗಿಂತ ಸಣ್ಣ ಚುಕ್ಕೆಗಳು.

"ಇದೇನ್ರೀ ಇದು!" ಎಂದೆ.

"ಶ್! ಎಷ್ಟೋ ವರ್ಷದಿಂದ ಇದೇ ಕಣೆ. ಅಣ್ಣನ ಲೆಕ್ಕ ಕೂದಲೆಳೆ ತಪ್ಪಲ್ಲ. ಅವನು ಆಡ್ತಾ ಆಡ್ತಾ ಹುಡುಕ್ತಾನೆ, ನಾನು ಮೊದಲೇ ಹುಡುಕಿಟ್ಟುಕೊಳ್ತೀನಿ, ಅಷ್ಟೇ ವ್ಯತ್ಯಾಸ."

"ಹಾಗಾದ್ರೆ ಹೇಳಬಾರದೇ ಅವರಿಗೆ? ಎಷ್ಟು ಆಸೆಪಡ್ತಾರೆ!"

ನಿಮ್ಮ ತಾತ ನಕ್ಕರು. "ಹೇಳಿಬಿಟ್ರೆ ಮುಂದಿನ ಭಾನುವಾರ ಏನು ಮಾತಾಡೋದು? ಹೇಳ್ತೀನಿ ಬಿಡೇ. ಅವನು ರಿಟೈರಾದ ದಿನ ಹಾರ ಹಾಕಿ ಹೇಳ್ತೀನಿ. ಅಲ್ಲೀವರೆಗೆ ನಿನ್ನ ಸೌಟು ಬಾಯಿಬಿಟ್ರೆ ನೋಡು!"

ಅಂದಿನಿಂದ ನನ್ನ ಪಾಡು ಯಾರಿಗೂ ಬೇಡ. ಅದಾದ ಕೆಲವೇ ವಾರಕ್ಕೆ ಒಂದು ಭಾನುವಾರ ಜಗಳ ವಿಪರೀತಕ್ಕೆ ಹೋಯಿತು. ನಿಮ್ಮ ತಾತನಿಗೆ ಉಳಿದದ್ದು ಒಂದೇ ಬಿಳಿ ಕಾಯಿ, ಅದೂ ಕಟ್ಟಿಗೆ ಅಂಟಿಕೊಂಡು ಓರೆಯಾಗಿ. ಭಾವ ಎದ್ದು ನಿಂತು ಜೇಬಿಂದ ದಾರ ತೆಗೆದರು. "ಇದನ್ನ ಅಂದಾಜಲ್ಲಿ ಬೀಳಿಸು ನೋಡೋಣ. ಬಿದ್ರೆ ಈ ದಾರ ಒಲೆಗೆ ಹಾಕ್ತೀನಿ. ಬೀಳ್ಲಿಲ್ವೋ, ಬಾಯಿಬಿಟ್ಟು ಹೇಳ್ಬೇಕು, ಅಣ್ಣ, ನಿನ್ನ ಲೆಕ್ಕ ಸರಿ ಅಂತ."

ಟಕ್. ಬಿತ್ತು!

ಭಾವನ ಮುಖ ನೋಡಲಾಗಲಿಲ್ಲ. ಬಾಗಿಲ ಕಡೆ ತಿರುಗಿ, ದೊಡ್ಡ ಕೋರ್ಟಿಗೆ ಅಪೀಲು ಹಾಕುವವರ ಹಾಗೆ ಕೇಳಿದರು. "ನೀನೇ ಹೇಳಮ್ಮ. ಇದು ನಿಜವಾಗ್ಲೂ ಅಂದಾಜಾ?"

ಒಂದು ಬಡಿದರೆ ಸುಳ್ಳು. ಎರಡು ಬಡಿದರೆ ಗಂಡನಿಗೆ ದ್ರೋಹ. ಬಾಗಿಲ ಸಂದಿಯಲ್ಲಿ ನಿಮ್ಮ ತಾತನ ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನೇನು ಮಾಡಿದೆ ಗೊತ್ತೆ? ಸೌಟನ್ನೇ ಕೈಬಿಟ್ಟೆ! ಅದು ನೆಲದ ಮೇಲೆ ಟಣಟಣಟಣ ಎಂದು ಲೆಕ್ಕವಿಲ್ಲದಷ್ಟು ಸಲ ಬಡಿಯಿತು.

"ತೀರ್ಪಿಲ್ಲ!" ಎಂದು ಅಕ್ಕ ಒಳಗಿನಿಂದ ಕೂಗಿದರು. "ದಾರ ಜೇಬಿಗೆ ಹಾಕ್ಕೊಂಡು ಊಟಕ್ಕೆ ಏಳಿ ಇಬ್ಬರೂ."

ದಾರ ಉಳಿಯಿತು. ತೀರ್ಪು ಬಾಕಿಯಾಯಿತು.

ನಿಮ್ಮ ತಾತ ಭಾವ ರಿಟೈರಾಗುವವರೆಗೆ ಕಾಯಲಿಲ್ಲ. ಒಂದು ಬೆಳಗ್ಗೆ ಕೆಲಸಕ್ಕೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದವರು ಹಾಗೇ ಗೋಡೆಗೊರಗಿದರು, ಅಷ್ಟೆ. ನಿಮ್ಮಪ್ಪ ಆಗಿನ್ನೂ ಮಿಡ್ಲ್ ಸ್ಕೂಲು. ಬೋರ್ಡು ಅಟ್ಟ ಸೇರಿತು. ಭಾನುವಾರಗಳು ಬಂದವು, ಹೋದವು. ಯಾರೂ ಜೋರಾಗಿ ಮಾತಾಡಲಿಲ್ಲ. ಸೌಟು ಅಡುಗೆಗೆ ಮಾತ್ರ ಉಳಿಯಿತು.

ವರ್ಷದ ತಿಥಿ ಕಳೆದ ಮೇಲೆ ಒಂದು ಭಾನುವಾರ ಹಜಾರದಲ್ಲಿ ಕಾಯಿಗಳ ಸದ್ದು ಕೇಳಿತು. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಬಾಗಿಲ ಸಂದಿಯಲ್ಲಿ ನೋಡಿದೆ. ಭಾವ ಅಟ್ಟದಿಂದ ಬೋರ್ಡು ಇಳಿಸಿಕೊಂಡು ಒಬ್ಬರೇ ಕೂತಿದ್ದರು. ಕಿವಿಯ ಮೇಲೆ ಪೆನ್ಸಿಲಿಲ್ಲ. ಕಣ್ಣು ಮುಚ್ಚಲಿಲ್ಲ, ನೆಲಕ್ಕೆ ಬಾಗಲಿಲ್ಲ. ಬೀದಿಯ ಕಡೆ ನೋಡುತ್ತಲೇ, ಥೇಟ್ ತಮ್ಮನ ಹಾಗೆ, ಟಕ್ ಎಂದು ಹೊಡೆದರು. ಕಾಯಿ ಬಿತ್ತು.

ಎದುರಿನ ಖಾಲಿ ಜಾಗಕ್ಕೆ ಹೇಳಿದರು. "ನೀನೇ ಗೆದ್ದೆ ಕಣೋ. ಅಂದಾಜೇ ಸರಿ. ನಂದೆಲ್ಲ ಬರೀ ಹುಚ್ಚು."

ಆಮೇಲೆ ಎದ್ದು ಬಂದು, ಅಡುಗೆಮನೆಯ ಬಾಗಿಲ ಸಂದಿಯಿಂದ ಆ ಮಾಸಿದ ದಾರವನ್ನು ಒಳಗೆ ಚಾಚಿದರು. "ತಗೋಮ್ಮ, ಒಲೆಗೆ ಹಾಕು. ಅವನಿಗೆ ಮಾತು ಕೊಟ್ಟಿದ್ದೆ. ಅವನು ಹೇಳಿದ್ದೇ ನಿಜ, ಅಲ್ವಾ?"

ನನ್ನ ಕೈಯಲ್ಲಿ ಸೌಟಿತ್ತು. ಬಡಿದೆ. ಟಕ್. ಟಕ್.

"ಸರಿಯಾಗಿ ಬಡೀಮ್ಮ," ಎಂದರು ಭಾವ. "ಎರಡಾಯ್ತು."

ಅದುವರೆಗೆ ಮಾಡದಿದ್ದ ಕೆಲಸವನ್ನು ನಾನು ಆಗ ಮಾಡಿದೆ. ಹೊಸಿಲು ದಾಟಿ ಅವರೆದುರು ಬಂದು ನಿಂತೆ. ತಲೆ ಎತ್ತಲಿಲ್ಲ. ಆದರೆ ಮಾತು ಬಂತು.

"ಎರಡೇ ಭಾವ. ಅವರು ನಿಮ್ಮ ಲೆಕ್ಕದಲ್ಲೇ ಹೊಡೀತಿದ್ರು. ನಿಮ್ಮ ಲೆಕ್ಕ ಸರಿ ಅಂತ ಅವರೇ ಹೇಳಿದ್ದಾರೆ, ನನ್ನ ಹತ್ರ. ನೀವು ರಿಟೈರಾದ ದಿನ ನಿಮಗೆ ಹೇಳೋರಿದ್ರು."

ಬೋರ್ಡಿನ ಹತ್ತಿರ ಹೋಗಿ, ನಿಮ್ಮ ತಾತ ಕೂರುತ್ತಿದ್ದ ಕಡೆಯ ಕಟ್ಟನ್ನು ಬೆರಳಿನಿಂದ ತೋರಿಸಿದೆ. ಭಾವ ನೆಲದ ಮೇಲೆ ಬೋರಲಾಗಿ ಮಲಗಿದರು. ಒಂದು ಕಣ್ಣು ಮುಚ್ಚಿ, ಮೂಲೆಯಿಂದ ಮೊದಲ ಕಪ್ಪು ಚುಕ್ಕೆಗೆ ದಾರ ಎಳೆದರು. ಎರಡನೆಯದಕ್ಕೆ ಎಳೆದರು. ಮೂರನೆಯದಕ್ಕೆ ಎಳೆಯುವಾಗ ದಾರ ಅಲ್ಲಾಡತೊಡಗಿತು.

"ಕಳ್ಳ," ಎಂದರು. "ಎಂಥ ಕಳ್ಳ ನೋಡು ಇವನು!"

ಆಮೇಲೆ ಎದ್ದು, ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು, ಆಗಷ್ಟೇ ನೆನಪಾದವರ ಹಾಗೆ ನನ್ನ ಕಡೆ ನೋಡಿ ಬೆಚ್ಚಿಬಿದ್ದರು.

"ನಿಂಗೆ ಮಾತು ಬರುತ್ತೇನಮ್ಮ!"

ಅಕ್ಕ ಒಳಗಿನಿಂದ ಓಡಿ ಬಂದರು. ನಾನು ಬಾಗಿಲ ಹಿಂದೆ ಹೋಗಲಿಲ್ಲ. ಭಾವ ತಮ್ಮನ ಜಾಗದ ಮಣೆಯನ್ನು ಸರಿಮಾಡಿ, ಸ್ಟ್ರೈಕರನ್ನು ಬೋರ್ಡಿನ ಮೇಲೆ ನನ್ನ ಕಡೆ ಜಾರಿಸಿದರು. ಕಾಯುತ್ತ ಕೂತರು.

ನಾನು ಕೂತೆ. ಸೆರಗು ಸರಿಮಾಡಿಕೊಂಡೆ. ಆ ಚುಕ್ಕೆಗಳ ಪಕ್ಕದಲ್ಲಿ ಬೆರಳಿಟ್ಟು ಕೇಳಿದೆ.

"ಲೆಕ್ಕಾನೋ ಅಂದಾಜೋ, ಭಾವ?"